ಬೂದಿ ಬಣ್ಣದ ಸಮುದ್ರ

ನಗುವುದಿಲ್ಲವೆಂದರೆ ಒಂದು ಮಾತು ಹೇಳುತ್ತೇನೆ: ನಾನು ಸಮುದ್ರದ ಚಿತ್ರ ಬರೆದದ್ದು ಮೊದಲು, ಸಮುದ್ರ ನೋಡಿದ್ದು ಎಷ್ಟೋ ವರ್ಷ ಆಮೇಲೆ. ಸೊಲ್ಲಾಪುರದಲ್ಲಿ ಹುಟ್ಟಿದವನಿಗೆ ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ನೀರೆಂದರೆ ನಲ್ಲಿಗೆ ಬರುವ ವಸ್ತು, ಅದೂ ಅದಕ್ಕೆ ಮನಸ್ಸಾದಾಗ.

ಎಪ್ಪತ್ತರ ದಶಕದ ಆರಂಭ. ಅಂಗಡಿಗಳ ಬೋರ್ಡು ಬರೆದುಕೊಂಡಿದ್ದ ನನ್ನನ್ನು ಅಕ್ಕಲಕೋಟೆಯ ಫೋಟೋ ಸ್ಟುಡಿಯೋದ ಮಾಲಕರಾದ ಶಿವಪ್ಪಶೇಟರು ಕರೆಸಿ, ಗಿರಾಕಿಗಳ ಹಿಂದೆ ಇಳಿಬಿಡಲು ಸಮುದ್ರದ ಪರದೆಯೊಂದು ಬೇಕೆಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಷರ ಬರೆದು ಬರೆದು ಬೇಸತ್ತ ಕೈಗೆ ಒಮ್ಮೆಲೇ ಗೋಡೆಯಗಲದ ನೀರು! ನಿತ್ಯ ಬೆಳಗ್ಗೆ ಅಕ್ಕಲಕೋಟೆಯ ಬಸ್ಸು ವಳಸಂಗ ದಾಟಿತೆಂದರೆ ಕಿಟಕಿಗೆ ಮುಖ ಹಚ್ಚಿ ಕೂರುತ್ತಿದ್ದೆ. ಜೋಳ ಕೊಯ್ದ ಬಯಲು, ಮೇಲೆ ಹೊಗೆಬಣ್ಣದ ಆಕಾಶ; ಎರಡೂ ಎಲ್ಲಿ ಕೂಡುತ್ತವೆಂದೇ ತಿಳಿಯುತ್ತಿರಲಿಲ್ಲ. ನನಗೆ ಸಮುದ್ರ ಸಿಕ್ಕಿದ್ದು ಆ ಒಣ ನೆಲದಲ್ಲಿ. ಸುಣ್ಣದ ಪುಡಿ, ದೀಪದ ಕಾಡಿಗೆ, ಚಿಟಿಕೆ ಕಾವಿ, ಒಂದಿಷ್ಟು ಅಂಟು, ಇಷ್ಟೇ ಸಾಮಾನು. ಅಲೆಗೆ ಬಿಳಿ ಹಚ್ಚುವುದು, ಒದ್ದೆ ಬಟ್ಟೆಯಿಂದ ಅರ್ಧ ಒರೆಸಿಬಿಡುವುದು. ಒರೆಸಿದಷ್ಟೂ ನೀರು ದೂರ ದೂರ ಹೋಗುತ್ತಿತ್ತು. ಆಹಾ, ಊಟದ ನೆನಪೇ ಆಗುತ್ತಿರಲಿಲ್ಲ!

ಮುಗಿದ ಪರದೆ ನೋಡಿ ಶೇಟರು ಹಣೆ ಬಡಿದುಕೊಂಡರು. "ಏನೋ ಪೇಂಟರ, ಸಮುದ್ರ ಅಂದ್ರ ನಿಳಾ ಇರಬೇಕೊ ಬ್ಯಾಡೊ? ಇದು ಭಾಂಡಿ ತೊಳದ ನೀರಿನಂಗ ಕಾಣತದ!"

ನಾನು ಪಾಂಡಿತ್ಯಕ್ಕೆ ಇಳಿದೆ. ಕಪ್ಪು-ಬಿಳುಪು ಫಿಲ್ಮಿಗೆ ನೀಲಿ ಗೊತ್ತೇ ಇಲ್ಲ, ಹಿಂದಿನ ಪರದೆ ಅಬ್ಬರಿಸಿದರೆ ಮುಂದೆ ನಿಂತವರ ಮುಖ ಯಾರು ನೋಡುತ್ತಾರೆ ಎಂದೆ. ಅವರು ಜಗ್ಗಲಿಲ್ಲ. ಪುರಾಣಕ್ಕೆ ಜಿಗಿದೆ. ಸಪ್ತಸಾಗರಗಳು ಯಾವುವು? ಉಪ್ಪುನೀರು, ಕಬ್ಬಿನ ಹಾಲು, ಹೆಂಡ, ತುಪ್ಪ, ಮೊಸರು, ಹಾಲು, ಸಿಹಿನೀರು. ಒಂದಾದರೂ ನೀಲಿ ಇದೆಯೇ? ಶೇಟರು ಹೆಂಡದ ಹತ್ತಿರ ತುಸು ತಡೆದರು, ಅಷ್ಟೇ.

"ಇವತ್ತ ಬರೋ ಪಹಿಲಾ ಗಿರಾಕಿಗೆ ಪಸಂದ ಬಂದ್ರ ಇರಲಿ. ಇಲ್ಲಂದ್ರ ಇದರ ಮ್ಯಾಲ ಸುಣ್ಣಾ ಬಳದು ತಾಜಮಹಲ ಬರಿ" ಎಂದು ತೀರ್ಪು ಕೊಟ್ಟರು.

ಬಂದವರು ತಡವಳದ ಕುರಿಗಾರ ದಂಪತಿ. ಹಣೆತುಂಬ ಭಂಡಾರದ ಅರಿಸಿನ, ಗಂಡನ ಹೆಗಲಿಗೆ ಕಂಬಳಿ. ಸಲಗರಕ್ಕೆ ಕೊಟ್ಟ ಮಗಳು, ನಿಮ್ಮಿಬ್ಬರ ಮುಖ ನನ್ನ ಮನೆಯಲ್ಲಿರಬೇಕು ಎಂದು ಹಠ ಹಿಡಿದಿದ್ದಳಂತೆ; ಅವರ ಜೀವಮಾನದ ಮೊದಲ ಫೋಟೋ. ಗಂಡ ಪರದೆ ನೋಡಿದ. ಹೆಂಡತಿ ನೋಡಿದಳು. ಇಬ್ಬರೂ ಹೊರಗೆ ನಡೆದರು. ನನ್ನ ಸಮುದ್ರದ ಕತೆ ಮುಗಿಯಿತು ಎಂದುಕೊಂಡೆ, ಅಳುವೇ ಬಂತು. ಅಷ್ಟರಲ್ಲಿ ಅವರು ಕೆರವು ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದು, ಪರದೆಗೆ ಕೈಮುಗಿದು ನಿಂತರು!

ಶೇಟರು ಕ್ಯಾಮೆರಾದ ಕರಿಬಟ್ಟೆಯೊಳಗಿಂದ, "ಇಕ್ಕಡಿ ತಿರುಗ್ರಿ" ಎಂದು ಕೂಗಿದರು. ಅವರು ತಿರುಗಲಿಲ್ಲ.

"ಗಂಗವ್ವಗ ಬೆನ್ನ ಹ್ಯಾಂಗ ತೋರಸೂದ್ರಿ ಶೇಟಜಿ?" ಎಂದಳು ಹೆಂಡತಿ.

"ಅಯ್ಯ ಬಾಯಿ, ಅದು ಅರಿವಿ ಅದ. ಖರೇ ನೀರಲ್ಲ!"

"ನಮ್ಮ ಬೀರೋಬಾ ದೇವರೂ ಕಲ್ಲಽ ಅಲ್ರಿ?" ಎಂದ ಗಂಡ. "ಅವಗ ಬೆನ್ನ ಮಾಡತೀವೇನು?"

ಶೇಟರು ಕರಿಬಟ್ಟೆ ಸರಿಸಿ ತಲೆ ಹೊರಗೆ ಹಾಕಿದರು. ನನಗೋ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಮಗಳಿಗೆ ಮುಖ ಕಾಣಬೇಕಲ್ಲ! ಕೊನೆಗೆ ಇಬ್ಬರನ್ನೂ ಎದುರುಬದುರು, ಓರೆಯಾಗಿ ನಿಲ್ಲಿಸಿದೆ, ನಡುವೆ ನೀರು. ಕೆನ್ನೆಯ ಸುಕ್ಕು, ಹಣೆಯ ಭಂಡಾರ, ಆಕೆಯ ಮೂಗುತಿ ಎಲ್ಲ ಎದ್ದು ಕಂಡವು. ನನ್ನ ಸಮುದ್ರ ಸುಮ್ಮನೆ ಹಿಂದೆ ಸರಿದು ಆ ಎರಡು ಮುಖಗಳಿಗೆ ಜಾಗ ಬಿಟ್ಟುಕೊಟ್ಟಿತ್ತು. ಬಣ್ಣ ತಗ್ಗಿಸುವ ವಿದ್ಯೆ ಇಷ್ಟೇ ಇರಬೇಕು.

ಫೋಟೋ ತೆಗೆಸಿಕೊಂಡು ಅವರು ಗುಡಿಯಿಂದ ಹೊರಡುವವರ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಾಗಿಲು ದಾಟಿದರು. ಶೇಟರು ಪರದೆಯ ಹತ್ತಿರ ಬಂದರು.

"ತಾಜಮಹಲ ಬ್ಯಾಡ ಬಿಡು" ಎಂದರು. ಹಾಗೆನ್ನುತ್ತಲೇ, ನಾನು ನೋಡಬಾರದೆಂಬಂತೆ, ತಮ್ಮ ಚಪ್ಪಲಿಯನ್ನು ಮೆಲ್ಲಗೆ ಕಳಚಿ ಕಾಲಿನಿಂದಲೇ ಬಾಗಿಲಾಚೆ ತಳ್ಳಿದರು.

ನಾನು ತಲೆ ಬಗ್ಗಿಸಿ ನನ್ನ ಕಾಲು ನೋಡಿಕೊಂಡೆ. ಆ ನೀರಿನ ಮುಂದೆ ಚಪ್ಪಲಿ ಮೆಟ್ಟಿ ನಿಂತಿದ್ದವನು, ಅದನ್ನು ಬರೆದ ನಾನೊಬ್ಬನೇ.