ಖಾಲಿ ತಟ್ಟೆಯ ತೂಕ

ಲಾರಿಗಳ ಲೋಕದಲ್ಲಿ ಅವನಿಗೆ ಟನ್ನಣ್ಣ ಎಂದು ಹೆಸರು. ಲಾರಿ ತೂಗುವ ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ ಕೂತು ಅರ್ಧ ಆಯುಷ್ಯ ಕಬ್ಬಿಣ, ಮರಳು, ರದ್ದಿ ಕಾಗದ ತೂಗಿದವನು. ಮರಳಿಗೆ ನೀರು ಹೊಯ್ದು ತಂದವರು, ಕ್ಲೀನರನ್ನು ಸೀಟಿನ ಕೆಳಗೆ ಮಲಗಿಸಿ ತಂದವರು, ಹಿಂದಿನ ಚಕ್ರವನ್ನು ಒಂದು ಗೇಣು ಹೊರಗೆ ನಿಲ್ಲಿಸಿದವರು, ಎಲ್ಲರೂ ಅವನ ಕಣ್ಣಿಗೆ ಬಿದ್ದು ಮಣ್ಣು ಮುಕ್ಕಿದ್ದರು. ಇಂಥ ಪರಾಕ್ರಮಿಯನ್ನು ಕೆಡವಲು ಕೊನೆಗೆ ಒಂದು ಊಟದ ತಟ್ಟೆ ಸಾಕಾಯಿತು.

ಆ ಹೆಸರು ಕೆಲಸದಿಂದ ಬಂದದ್ದು ಎಂದು ಅವನ ನಂಬಿಕೆ. ಡ್ರೈವರುಗಳ ಅಭಿಪ್ರಾಯ ಬೇರೆ ಇತ್ತು. ಅವನು ಇಳಿದು ಬಂದರೆ ಗೂಡು ನಿಟ್ಟುಸಿರು ಬಿಡುತ್ತಿತ್ತು. ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ, ಅಕ್ಷರ ತಿದ್ದಿಸಿ, ದೊಡ್ಡವನನ್ನಾಗಿ ಮಾಡಿದವಳು. ದೊಡ್ಡವನಾದದ್ದು ತುಸು ಹೆಚ್ಚೇ ಆಯಿತು; ಆದರೂ ಅವಳ ಬಾಯಲ್ಲಿ ಅವನು ಇಂದಿಗೂ ಪುಟ್ಟ.

ಆ ಅಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ತೋಳು ಒಡ್ಡಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಬರಬರುತ್ತಾ ಸೂಜಿ ಚುಚ್ಚಲು ನರವೇ ಸಿಗದಂತಾಯಿತು. ತಮ್ಮನ ಕಿಡ್ನಿ ಹೊಂದುತ್ತದೆ ಎಂದು ಪರೀಕ್ಷೆ ಹೇಳಿತು. ತಮ್ಮ ಅಲ್ಲೇ ಅಂಗಿ ಬಿಚ್ಚಲು ಸಿದ್ಧನಾದ. ಡಾಕ್ಟರು ಅವನನ್ನು ಮೇಲಿನಿಂದ ಕೆಳಕ್ಕೆ, ಆಮೇಲೆ ಎಡದಿಂದ ಬಲಕ್ಕೆ ನೋಡಿ, ಹದಿನೈದು ಕಿಲೋ ಇಳಿಸದೆ ತಾವು ಚಾಕು ಮುಟ್ಟುವುದಿಲ್ಲ ಎಂದರು. ಬೇಗ ಇಳಿಸಿ, ನಿಮ್ಮ ಅಕ್ಕನ ದೇಹ ಬಹಳ ದಿನ ಕಾಯುವುದಿಲ್ಲ ಎಂದೂ ಸೇರಿಸಿದರು.

ಟನ್ನಣ್ಣ ಕೊಬ್ಬಿನ ಮೇಲೆ ಯುದ್ಧ ಸಾರಿದ. ಫೋನಿನಲ್ಲಿ ಕ್ಯಾಲರಿ ಎಣಿಸುವ ಆ್ಯಪ್ ಬಂತು, ಅಡುಗೆಮನೆಗೆ ಪುಟ್ಟ ತಕ್ಕಡಿ ಬಂತು. ತಕ್ಕಡಿಯಲ್ಲಿ ತಟ್ಟೆಯಿಟ್ಟು ಒತ್ತಿದರೆ ಸೊನ್ನೆ ತೋರಿಸುವ ಗುಂಡಿಯಿತ್ತು. ಅದನ್ನು ಅವನು ಮುಟ್ಟಲಿಲ್ಲ. ವೇಬ್ರಿಡ್ಜಿನಲ್ಲಿ ಮೋಸವೆಲ್ಲ ಹುಟ್ಟುವುದೇ ಆ ಗುಂಡಿಯಲ್ಲಿ ಎಂಬುದು ಅವನ ಸಿದ್ಧಾಂತ. ಲಾರಿಯ ಬಾಗಿಲ ಮೇಲೆ ಖಾಲಿ ತೂಕ ಬರೆದಿರುತ್ತದೆ, ತುಂಬಿದ ತೂಕದಲ್ಲಿ ಅದನ್ನು ಕಳೆದರೆ ಮಾಲು ಎಷ್ಟೆಂದು ತಿಳಿಯುತ್ತದೆ. ಹಾಗೆಯೇ ಸ್ಟೀಲಿನ ತಟ್ಟೆಯನ್ನು ತೂಗಿ, ಅದರ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಐನೂರು ಎಂದು ಅಂಕಿಯಲ್ಲಿ ಬರೆದ. ಅಕ್ಕ ಅನ್ನ, ಕಾಳು, ತರಕಾರಿ ಬಡಿಸುವಳು. ಇವನು ಐನೂರು ಕಳೆದು ಫೋನಿಗೆ ಒಪ್ಪಿಸುವನು. ಲೆಕ್ಕ ಬಲ್ಲವನಿಗೆ ಹಸಿವಿನ ಕಾಟವಿಲ್ಲ, ನೋಡಿ, ನಾನು ಹೊಟ್ಟೆ ತುಂಬ ಉಂಡೇ ಇಳಿಯುತ್ತೇನೆ ಎಂದು ಡ್ರೈವರುಗಳ ಮುಂದೆ ಮೀಸೆ ತಿರುವಿದ.

ಆದರೆ ಆಸ್ಪತ್ರೆಯ ತಕ್ಕಡಿಯ ಮುಳ್ಳು ಇವನ ಸಿದ್ಧಾಂತಕ್ಕೆ ಸೊಪ್ಪು ಹಾಕಲಿಲ್ಲ. ಸಕ್ಕರೆ ಬಿಟ್ಟ, ಬಿಸ್ಕತ್ತು ಬಿಟ್ಟ, ಲಿಫ್ಟು ಬಿಟ್ಟ. ಮುಳ್ಳು ಕದಲಲಿಲ್ಲ. ಬೇಯಿಸಿದ ಅನ್ನಕ್ಕೆ ಆ್ಯಪ್ ನಾಲ್ಕು ಬಗೆಯ ಲೆಕ್ಕ ಕೊಡುತ್ತಿತ್ತು. ಎಲ್ಲಕ್ಕಿಂತ ದೊಡ್ಡದನ್ನು ಹಿಡಿದು ಬಡಿಸುವುದನ್ನು ಇನ್ನಷ್ಟು ತಗ್ಗಿಸಿದ. ಊಹೂಂ. ಹತಾಶೆಯಿಂದ ಒಂದು ಮಧ್ಯಾಹ್ನ ವೇಬ್ರಿಡ್ಜಿನ ಮೇಲೆ ತಾನೇ ಹತ್ತಿ ನಿಂತ. ಹತ್ತು ಕಿಲೋಗಿಂತ ಕಡಿಮೆ ಚಿಲ್ಲರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆ ಯಂತ್ರ, ಅವನಿಗೆ ನೂರಾಹತ್ತು ಎಂದು ಮರ್ಯಾದೆ ಮಾಡಿ ಕಳಿಸಿತು.

ಆಸ್ಪತ್ರೆಯ ಡಯಟಿಷಿಯನ್ ಮೇಡಂ ಅವನ ಫೋನಿನ ಲೆಕ್ಕವನ್ನು ಬೆರಳಲ್ಲಿ ಸರಿಸಿ ನೋಡಿದರು.

"ಇದರ ಪ್ರಕಾರ ನೀವು ಇಷ್ಟೊತ್ತಿಗೆ ಅರ್ಧ ಆಗಿರಬೇಕಿತ್ತು ಸರ್. ನಿಜ ಹೇಳಿ, ಏನು ಕದ್ದು ತಿಂತಿದೀರಿ?"

ಜೀವನವಿಡೀ ಕಳ್ಳರನ್ನು ಹಿಡಿದವನು ಈಗ ತಾನೇ ಕಳ್ಳನಾಗಿ ನಿಂತ. ಮುಂದಿನ ತಪಾಸಣೆಯೇ ಕೊನೆಯದು, ಆಗಲೂ ಇಳಿಯದಿದ್ದರೆ ದಾನಿಗಳ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ ಎಂದು ಅವರು ಮೆತ್ತಗೆ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ, ಊದಿದ ಪಾದಗಳನ್ನು ಚಪ್ಪಲಿಗೆ ತೂರಿಸುತ್ತಾ, ಹೋಗಲಿ ಬಿಡು ಪುಟ್ಟ ಎಂದಳು. ಅವಳ ಮುಖದಲ್ಲಿ ಎಂಥದೋ ನಿರಾಳ ಕಂಡು ಅವನಿಗೆ ಇನ್ನಷ್ಟು ಸಂಕಟವಾಯಿತು.

ಮರುದಿನ ಗುಜರಿ ಲಾರಿಯವನೊಬ್ಬ ಗೂಡಿನ ಮುಂದೆ ಜಗಳ ತೆಗೆದ. ತನ್ನ ಮಾಲು ಕಮ್ಮಿ ತೋರಿಸುತ್ತಿದೆಯೆಂದು ಅವನ ತಕರಾರು. ಬಾಗಿಲ ಮೇಲಿರುವ ಅಂಕಿಯನ್ನೇ ಕಳೆದಿದ್ದೇನೆ, ನನ್ನ ತಲೆ ತಿನ್ನಬೇಡ ಎಂದ ಟನ್ನಣ್ಣ.

"ಅಣ್ಣಾ, ಹಳೇ ಬಾಡಿ ತೆಗೆಸಿ ಹಗುರದ್ದು ಕೂರಿಸಿದೀನಿ. ಬರೆದಿರೋದು ಹಾಗೇ ಇದೆ, ಲಾರಿ ಬೇರೆ ಆಗಿದೆ. ಖಾಲಿ ಮಾಡಿ ತೂಗಿ ನೋಡು."

ತೂಗಿದ. ಡ್ರೈವರು ಹೇಳಿದ್ದು ಸರಿಯಾಗಿತ್ತು. ಚೀಟಿ ತಿದ್ದಿ ಕೊಡುತ್ತಿದ್ದ ಟನ್ನಣ್ಣನ ಕೈ ನಡುವೆಯೇ ನಿಂತಿತು.

ಅಂದು ಬೇಗನೆ ಮನೆಗೆ ಬಂದು, ತಟ್ಟೆ ತೊಳೆದು ಒರೆಸಿ, ಬರಿದಾಗಿಯೇ ತಕ್ಕಡಿಯ ಮೇಲಿಟ್ಟ. ಮುನ್ನೂರು. ತಿರುಗಿಸಿ ನೋಡಿದ. ಬೆನ್ನ ಮೇಲೆ ಐನೂರು ಎಂದೇ ಇತ್ತು. ತನ್ನ ಕೈಬರಹದಂತೆಯೇ ವಾಲಿದ ಐದು, ಅದೇ ಉದ್ದುದ್ದ ಸೊನ್ನೆಗಳು. ಅಂಚೂ ಅಗಲವೂ ಹಾಗೆಯೇ, ತಗಡು ಮಾತ್ರ ತೆಳು. ಹೊತ್ತು ಹೊತ್ತಿಗೂ ಇನ್ನೂರು ಗ್ರಾಮಿನಷ್ಟು ಅನ್ನ ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರಿತ್ತು. ಆ ಐದನ್ನು ಅವನಿಗೆ ಕೈಹಿಡಿದು ತಿದ್ದಿಸಿದವಳು ಬಾಗಿಲಲ್ಲಿ ನಿಂತಿದ್ದಳು.

"ದಪ್ಪ ತಟ್ಟೆ ಎಲ್ಲಿ ಅಕ್ಕಾ?"

"ಅಟ್ಟದ ಮೇಲಿದೆ."

ಅವನು ಕೂಗಾಡಲಿಲ್ಲ. ಕೂಗಾಡಲು ಉಸಿರು ಬೇಕಲ್ಲ. ಅವಳೇ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತಳು.

"ನೀನು ಸಣ್ಣಗಾದ್ರೆ ನಿನ್ನ ಕೊಯ್ತಾರೆ ಪುಟ್ಟ. ಸಾಕಿದ ಕೈಯಲ್ಲಿ ನಿನ್ನನ್ನ ಚಾಕುವಿಗೆ ಕೊಡೋಕೆ ನನ್ನಿಂದ ಆಗಲ್ಲ."

"ಕೊಡದಿದ್ರೆ ನೀನು ಹೋಗ್ತೀಯ."

"ನಾನು ಹೋಗೋದು ನನಗೆ ಬಿಡು."

"ಆಮೇಲೆ ನಾನು ಯಾರಿಗೋಸ್ಕರ ಮನೆಗೆ ಬರಲಿ, ಅದನ್ನೊಂದು ಹೇಳು."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಲೆಯ ಮೇಲೆ ಅನ್ನ ಆರುತ್ತಿತ್ತು.

ಟನ್ನಣ್ಣನಿಗೆ ಉಪಾಯಗಳು ಹೊಳೆದವು: ಅಡುಗೆ ತಾನೇ ಮಾಡಿಕೊಳ್ಳಬಹುದು, ಗೂಡಿನಲ್ಲೇ ಉಣ್ಣಬಹುದು, ತಟ್ಟೆಗೆ ಬೀಗ ಹಾಕಬಹುದು. ಆದರೆ ಮನಸ್ಸಿಲ್ಲದವಳನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸುವ ಉಪಾಯ ಯಾವ ತಕ್ಕಡಿಯಲ್ಲೂ ಇರಲಿಲ್ಲ. ಅವನು ತಕ್ಕಡಿಯನ್ನು ಎತ್ತಿ ಅವಳ ಮುಂದಿಟ್ಟು, ಅದರ ಮೇಲೆ ತಟ್ಟೆಯಿಟ್ಟು, ಪಕ್ಕದಲ್ಲಿ ಅನ್ನದ ಪಾತ್ರೆಯನ್ನೂ ಸೌಟನ್ನೂ ಇರಿಸಿದ. ಆಮೇಲೆ ಅಂಕಿ ಕಾಣದಂತೆ ಎದುರುಗಡೆ ಕೂತ.

"ಇವತ್ತಿಂದ ನೀನೇ ಬಡಿಸು, ನೀನೇ ತೂಗು. ಎಷ್ಟು ಅಂತ ಬಾಯಿಬಿಟ್ಟು ಹೇಳು. ನೀನು ಹೇಳಿದ್ದೇ ಫೋನಿಗೆ ಹಾಕ್ತೀನಿ. ನಾನು ತಿರುಗಿ ನೋಡಲ್ಲ."

ಅಕ್ಕ ಸೌಟು ತುಂಬಿ ಬಡಿಸಿದಳು. ಇನ್ನೊಂದು ಬಡಿಸಿದಳು. ಅಂಕಿಯನ್ನೇ ನೋಡುತ್ತಾ ಕೂತಳು. ಸುಳ್ಳು ಹೇಳಲು ತುಟಿ ಒಮ್ಮೆ ತೆರೆದದ್ದು ಅವನಿಗೆ ಕಂಡಿತು. ಎದುರಿಗೆ ಅವನ ಹಸಿದ ದೊಡ್ಡ ಮುಖವಿತ್ತು. ಅವಳು ತುಟಿ ಮುಚ್ಚಿದಳು. ತಟ್ಟೆಯಿಂದ ಒಂದು ಸೌಟು ಅನ್ನ ತೆಗೆದು ಪಾತ್ರೆಗೆ ಹಾಕಿದಳು. ಅಂಕಿ ಇನ್ನೂ ಅವನ ಮಿತಿಗಿಂತ ಹೆಚ್ಚೇ ಇತ್ತು. ಅವನು ಕಾದ. ಅವಳು ಅಳುತ್ತಲೇ ಮತ್ತರ್ಧ ಸೌಟು ತೆಗೆದಳು.