ಧಣಿಯ ಗುಂಡಿಗೆ ಎದೆಯೊಡ್ಡಿದ್ದು

ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳನ್ನು ಕಲ್ಲು, ಪುಡಿ ಎನ್ನದೆ ಬಳಿದು ಚೀನಾಕ್ಕೆ ಕಳಿಸುತ್ತಿದ್ದ ವರ್ಷಗಳವು. ನಾನು ಒಂದು ಗಣಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಗಣಿಯ ಕೆಳಗೇ ನಮ್ಮ ಕ್ವಾರ್ಟರ್ಸ್. ಅದನ್ನು ಬಿಟ್ಟರೆ ಕೆಲಸವನ್ನೂ ಬಿಟ್ಟಂತೆ. ಲಾರಿಗಳ ಧೂಳು ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ನಮಗೆ ಅದು ಅಭ್ಯಾಸವಾಗಿತ್ತು, ಮೂರು ವರ್ಷದ ಮಗಳಿಗೆ ಆಗಲಿಲ್ಲ. ಅವಳ ಎದೆ ಗೊರಗೊರ ಅನ್ನುತ್ತಿತ್ತು. ಡಾಕ್ಟರು ಔಷಧಿ ಬರೆದು, ಮೊದಲು ಮಗುವನ್ನು ಅಲ್ಲಿಂದ ಕರೆದೊಯ್ಯಿರಿ ಎಂದರು. ಹೊಸಪೇಟೆಯ ನಮ್ಮ ಕಂಪನಿ ಆಫೀಸಿನಲ್ಲಿ ಒಂದು ಜಾಗ ಖಾಲಿಯಿತ್ತು. ಅದು ಸಿಗದಿದ್ದರೆ ಮಗಳನ್ನು ಎತ್ತಿಕೊಂಡು ಕಂಪ್ಲಿಯ ತವರಿಗೆ ಹೋಗುತ್ತೇನೆ ಎಂದು ಹೆಂಡತಿ ಹೇಳಿಯಾಗಿತ್ತು. ಮಗಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ. ಧಣಿಯ ಹತ್ತಿರ ಹೋಗಿ ಕೇಳಿದೆ. ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ದಿಢೀರನೆ ದುಡ್ಡು ಬಂದವರಿಗೆ ಮೊದಲು ಕಾರು ಬರುತ್ತದೆ, ಆಮೇಲೆ ಗನ್‌ಮ್ಯಾನ್, ಆಮೇಲೆ ಬೇಸರ. ಆ ಬೇಸರ ಕಳೆಯಲು ನಮ್ಮ ಧಣಿ ಬೆಂಗಳೂರಿನಿಂದ ಪೇಂಟ್‌ಬಾಲ್ ಆಟ ತರಿಸಿದರು. ಬಂದೂಕಿನಂಥದ್ದರಲ್ಲಿ ಬಣ್ಣ ತುಂಬಿದ ಗೋಲಿಗಳು. ತಗುಲಿದವನು ಆಟದಿಂದ ಹೊರಗೆ. ಹಂಪಿಯ ಬಂಡೆಗಳ ನಡುವೆ ಆಡಬೇಕೆಂದು ಮೊದಲು ಮನಸ್ಸು ಮಾಡಿದ್ದರಂತೆ. ಒಮ್ಮೆ ಹಾಳಾದ ಊರು, ಇನ್ನೊಮ್ಮೆ ಬ್ಯಾಡ್ರಿ ಎಂದು ಅವರ ವಕೀಲರೇ ಕೈಮುಗಿದರಂತೆ. ಕೊನೆಗೆ ನಮ್ಮ ಗಣಿಯ ಹಿಂದೆ ಇನ್ನೂ ಅಗೆಯದೆ ಉಳಿದಿದ್ದ ಗುಡ್ಡದಲ್ಲಿ, ಒಂದು ಭಾನುವಾರ, ಪ್ರಕೃತಿಯ ಮಡಿಲಲ್ಲಿ ಆಟ ಎಂದು ಅಪ್ಪಣೆಯಾಯಿತು. ಅದೇ ಮಡಿಲಿಗೆ ಸೋಮವಾರ ಡ್ರಿಲ್ಲಿಂಗ್ ಯಂತ್ರ ಬರುವುದಿತ್ತು.

ಆಟ ಕಲಿಸಲು ಬೆಂಗಳೂರಿನಿಂದ ಬಂದ ಹುಡುಗ ಹಳದಿ, ನೀಲಿ ಎಂದು ಎರಡು ಬಣ್ಣ ತೋರಿಸಿದ. ಧಣಿ ಎರಡನ್ನೂ ಬದಿಗೆ ಸರಿಸಿ ಎರಡು ಕಡೆಗೂ ಕೆಂಪೇ ಇರಲಿ ಎಂದರು. ಕೆಂಪೇ ಅವರ ಮನೆಗೆ ಲಕ್ಷ್ಮಿ ತಂದದ್ದು. ಕೆಂಪು ಗುಡ್ಡದಲ್ಲಿ, ಕೆಂಪು ಧೂಳು ಮೆತ್ತಿದ ಅಂಗಿಗಳ ಮೇಲೆ ಕೆಂಪು ಬಣ್ಣ ಕಾಣುವುದು ಹೇಗೆ ಎಂದು ಕೇಳಲು ಆ ಹುಡುಗ ಬಾಯಿ ತೆರೆದ. ಯಾರೋ ಅವನ ಕೈಗೆ ಟೀ ಕೊಟ್ಟರು.

ಧಣಿಯನ್ನು ಯಾವ ಆಟದಲ್ಲೂ ಸೋಲಿಸಬಾರದು ಎನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಹಿಂದೆ ಕ್ರಿಕೆಟ್ಟಿನಲ್ಲಿ ಅವರ ವಿಕೆಟ್ ಕಿತ್ತ ಕಾರಿನ ಡ್ರೈವರ್ ಮರುದಿನದಿಂದ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಈಗ ನಮ್ಮ ಕ್ಯಾಷಿಯರ್ ಆ ಪದ್ಧತಿಯನ್ನು ಇನ್ನಷ್ಟು ಬೆಳೆಸಿದ. ಧಣಿಗೆ ಹೊಡೆಯುವುದು ಪಾಪವಾದರೆ ಧಣಿಯಿಂದ ಹೊಡೆಸಿಕೊಳ್ಳುವುದು ಪುಣ್ಯವಲ್ಲವೇ? ಹೊಡೆದು ಖುಷಿಯಾದ ಧಣಿ ಏನು ಕೇಳಿದರೂ ಕೊಟ್ಟಾರು. ಅವನಿಗೂ ಕೇಳುವುದಿತ್ತು: ಹೊಸಪೇಟೆಯ ಅದೇ ಜಾಗ, ತನ್ನ ಭಾಮೈದನಿಗೆ.

ಹೀಗಾಗಿ ಆ ದಿನ ಗುಡ್ಡದಲ್ಲಿ ಅಡಗಿ ಉಳಿದವನು ಒಬ್ಬನೂ ಇಲ್ಲ. ಧಣಿ ಬಂದೂಕು ಎತ್ತಿದರೆ ಸೀತಾಫಲದ ಗಿಡಗಳ ಹಿಂದಿನಿಂದ ನಮ್ಮ ಸಿಬ್ಬಂದಿ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಸ್ಟೋರ್‌ಕೀಪರ್ ಧಣಿಯ ಕಡೆ ಬೆನ್ನು ಮಾಡಿ ಎಷ್ಟೋ ಹೊತ್ತು ಬೂಟಿನ ಲಾಡಿ ಕಟ್ಟಿದ. ಆದರೂ ಒಂದು ಗೋಲಿಯೂ ತಗುಲಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಧಣಿ ಬಂದೂಕು ಡೊಂಕು ಎಂದು ಇನ್ನೊಂದು ತರಿಸಿದರು.

ನನಗೆ ತಡೆಯಲಾಗಲಿಲ್ಲ. ಮಗಳ ಗೊರಗೊರ ಕಿವಿಯಲ್ಲೇ ಇತ್ತು. ನೇರ ಧಣಿಯ ಮುಂದಕ್ಕೇ ನಡೆದೆ. ಕ್ಯಾಷಿಯರ್ ಪಕ್ಕದಲ್ಲಿ ಓಡಿಬಂದ. ಗೋಲಿ ನನ್ನ ಎದೆಗೆ ಬಡಿಯಿತು. ಉಸಿರು ಸಿಕ್ಕಿಕೊಂಡಿತು, ಅಷ್ಟು ನೋವು, ಅಷ್ಟೇ ಸಂತೋಷ. ಕಣ್ಣು ಬಿಟ್ಟು ನೋಡಿದರೆ ಕ್ಯಾಷಿಯರ್ ನೆಲದ ಮೇಲೆ ಹೊರಳಾಡುತ್ತ, ಸತ್ತೆ, ಎಂಥಾ ಗುರಿ ಎಂದು ಹಾಡಿಕೊಳ್ಳುತ್ತಿದ್ದ. ಬೆಂಗಳೂರಿನವನು ಬಂದು ಇಬ್ಬರ ಅಂಗಿಯನ್ನೂ ನೋಡಿದ. ಯಾವುದು ಬಣ್ಣ, ಯಾವುದು ಧೂಳು ಎಂದು ಅವನಿಗೆ ತಿಳಿಯಲಿಲ್ಲ. ಧಣಿ ಬಿದ್ದವನನ್ನು ಎಬ್ಬಿಸಿ ಬೆನ್ನು ತಟ್ಟಿದರು. ಊಟಕ್ಕೆ ಕೂರುವಷ್ಟರಲ್ಲಿ ಭಾಮೈದನ ಕೆಲಸ ಆಗಿಹೋಗಿತ್ತು.

ನಾನು ಎಲ್ಲರೆದುರು ಅಂಗಿಯ ಗುಂಡಿ ಬಿಚ್ಚಿದೆ. ಎದೆಯ ಮೇಲೆ ಪೂರಿಯಷ್ಟು ಅಗಲ ಕಪ್ಪಗೆ ಬಾತುಕೊಂಡಿತ್ತು.

"ಗುಂಡು ಬಿದ್ದಿದ್ದು ನನಗ್ರೀ ಧಣಿ. ಮಗಳಿಗೆ ಉಸಿರು ಹಿಡೀತೈತಿ. ನನ್ನ ಹೊಸಪೇಟಿಗೆ ಹಾಕ್ರಿ," ಎಂದೆ.

ಧಣಿ ಅನ್ನದ ಕೈ ಒರೆಸಿಕೊಂಡು ಬಂದು ಬಾವನ್ನು ಹೆಬ್ಬೆರಳಿನಿಂದ ಒತ್ತಿದರು. ಇಷ್ಟು ಜನರ ಮುಂದೆ ಅರಚಬಾರದೆಂದು ನಾನು ಹಲ್ಲು ಕಚ್ಚಿ ನಿಂತೆ. ಅವರಿಗೆ ಭಾರೀ ಮೆಚ್ಚುಗೆಯಾಯಿತು.

"ಭಾಳ ಗಟ್ಟಿ ಆಳಪ್ಪ ನೀನು. ಇಂಥವ್ರು ಗಣಿ ಮ್ಯಾಲೇ ಇರಬೇಕು. ಆಫೀಸಿಗೆ ಯಾರಾದ್ರೂ ನಡೀತೈತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕ್ಯಾಷಿಯರ್.

ಹೆಂಡತಿ ಹೇಳಿದಂತೆಯೇ ಮಾಡಿದಳು. ಕಂಪ್ಲಿಯಲ್ಲಿ ಕಾಲುವೆ, ಭತ್ತದ ಗದ್ದೆ, ತಣ್ಣನೆಯ ಗಾಳಿ. ಮಗಳ ಎದೆ ಬೇಗ ಹಗುರವಾಯಿತು, ಅದಕ್ಕೆ ನಾನು ಈಗಲೂ ದೇವರಿಗೆ ಕೈಮುಗಿಯುತ್ತೇನೆ. ಲೋಡಿಂಗಿನ ಕಾಲದಲ್ಲಿ ನನ್ನಂಥ ಗಟ್ಟಿ ಆಳಿಗೆ ರಜೆ ಸಿಗುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಬಸ್ಸಿಳಿದು ಮಾವನ ಮನೆಗೆ ಹೋದೆ. ಮಗಳು ಅಂಗಳದಲ್ಲಿ ಓಡುತ್ತಿದ್ದಳು, ಏದುಸಿರೇ ಇಲ್ಲ. ನನ್ನನ್ನು ಕಂಡು ನಿಂತಳು, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಅವ್ವಾ, ಯಾರೋ ಬಂದಾರ" ಎಂದಳು.