ಕೌದಿಯ ಹೊಟ್ಟೆಗೊಂದು ಚೂರು ರೊಟ್ಟಿ

ಹಾನಗಲ್ಲಿನ ಓಣಿಯಲ್ಲಿ ಇನ್ನೂ ನಸುಗತ್ತಲು. ಕಟ್ಟೆಯ ಮೇಲೆ ಕೌದಿ ಹೊಲಿಯಲು ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು ರೂತವ್ವ ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಎದುರು ಮನೆಯಲ್ಲಿ ಹೊಲಿಗೆ ಮಷಿನ್ ಟರ್ರ್ ಎನ್ನುತ್ತದೆ. ಸೂಜಿ ಹಿಡಿದ ಕೈ ನಿಲ್ಲುತ್ತದೆ.

"ಹೊನ್ನವ್ವ ಎದ್ಲು ನೋಡ್ರಿ," ಎನ್ನುತ್ತಾರೆ. ದನಿಯಲ್ಲಿ ಹಳೆ ಮಜ್ಜಿಗೆಯ ಹುಳಿ.

ಸವಣೂರು, ಶಿಗ್ಗಾವಿಯಿಂದಲೂ ಜನ ಹಳೆ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದ ಕಾಲದಲ್ಲಿ ಇವರಿಬ್ಬರೂ ಒಂದೇ ಕೌದಿಯ ಎರಡು ಅಂಚಿಗೆ ಕೂತು, ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬಂದು ಕೂಡುತ್ತಿದ್ದರು. ಆಮೇಲೆ ಹೊನ್ನವ್ವ ಮಷಿನ್ ತಂದರು. ಅದರ ಹಿಂದೆಯೇ ಟೈಲ್ಸ್ ಬಂತು, ಕನ್ನಡಿಯ ಕಪಾಟು ಬಂತು. ರೂತವ್ವನ ಮನೆಗೆ ಬಂದದ್ದು ಹೊಟ್ಟೆಕಿಚ್ಚೊಂದೇ.

"ಐತಾರ ಚರ್ಚಿನ್ಯಾಗ 'ಕರ್ತ ಕೊಟ್ಟಿದ್ದು ಸಾಕು' ಅಂತ ಪ್ರಾರ್ಥನಿ ಮಾಡ್ತಿದ್ನಿ. ನೆರೆಯವರದಕ್ಕ ಆಸೆ ಪಡಬ್ಯಾಡ್ರಿ ಅಂತಾರ ಪಾಸ್ಟರು. ನನ್ನ ನೆರಿ ಎದುರಿಗೇ ಐತಲ್ರಿ!"

ಕಳೆದ ವರ್ಷ ಹೊನ್ನವ್ವನ ಮಗಳು ಪೂಜಾ ಹೆತ್ತಳು. ಕೂಸಿಗೆ ಮಾತ್ರ ಕೈಹೊಲಿಗೆಯ ಕೌದಿಯೇ ಬೇಕೆಂದು ಹೊನ್ನವ್ವ ಬಟ್ಟೆ ತಂದು ರೂತವ್ವನ ಮುಂದಿಟ್ಟರು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡುವುದು ಇವರ ರೂಢಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ರೂತವ್ವ ಬೇಕಂತಲೇ ಇಡಲಿಲ್ಲ.

"ಎಲ್ಲಾ ಐತಲ್ಲ ಅಕಿಗೆ, ಇದೊಂದಾದ್ರೂ ಖಾಲಿ ಇರಲಿ ಅಂದ್ನಿ."

ಶನಿವಾರ ಕೌದಿ ಕೊಟ್ಟು ಬಂದರು. ಮರುದಿನ ಚರ್ಚಿನಲ್ಲಿ ಕರ್ತನ ಭೋಜನ. ಪಾಸ್ಟರ್ ಎಲ್ಲರ ಅಂಗೈಗೂ ರೊಟ್ಟಿಯ ತುಣುಕು ಇಡುತ್ತ ಬಂದಾಗ ರೂತವ್ವನ ಕೈ ಮೇಲೇಳಲಿಲ್ಲ. "ಕೂಸಿನ ಕೌದಿ ಹಸದಿತ್ತು. ನಾ ಹೆಂಗ ತಿನ್ನಲಿ?"

ಉಟ್ಟ ಬಿಳಿ ಸೀರೆಯಲ್ಲೇ ನೆಟ್ಟಗೆ ಎದುರು ಮನೆಗೆ ನಡೆದರು. ಕೌದಿ ಇಸಿದುಕೊಂಡು ಮೂಲೆ ಬಿಚ್ಚಿ, "ಒಂದು ಚೂರು ರೊಟ್ಟಿ ಕೊಡವಾ" ಎಂದರು. ಹೊನ್ನವ್ವನಿಗೆ ಎಲ್ಲ ತಿಳಿದುಹೋಯಿತು.

"ಕೌದಿ ಹಸದಿತ್ತೋ, ನೀ ಹಸದಿದ್ಯೋ?"

"ಎರಡೂ."

ಹೊನ್ನವ್ವ ಬೈಯಲಿಲ್ಲ. ರೊಟ್ಟಿ ಮುರಿದು ಒಂದು ಚೂರು ಕೌದಿಗೆ ಕೊಟ್ಟು, ಇನ್ನೊಂದನ್ನು ಗೆಳತಿಯ ಅಂಗೈಗೆ ಇಟ್ಟರು. ರೂತವ್ವ ಅಳುತ್ತಲೇ ತಿಂದರು.

ಈಗ ಹೊತ್ತು ಮೂಡಿದೆ. ಮಷಿನ್ ಇನ್ನೂ ಟರ್ರ್ ಎನ್ನುತ್ತಿದೆ.

"ಆ ಸಪ್ಪಳಕ್ಕ ಈಗೂ ಹೊಟ್ಟಿ ಉರೀತೈತ್ರಿ, ಸುಳ್ಳ್ಯಾಕ ಹೇಳ್ಲಿ," ಎನ್ನುತ್ತ ರೂತವ್ವ ಮಡಿಲಿನಿಂದ ರೊಟ್ಟಿಯ ಚೂರು ತೆಗೆದು ಮೂಲೆಯೊಳಗೆ ತೂರಿಸುತ್ತಾರೆ. "ಆದ್ರ ಅವತ್ತಿನಿಂದ ಯಾರ ಮನಿ ಕೌದೀನೂ ನಾ ಹಸಿವಿಲೆ ಕಳಿಸಿಲ್ಲ. ಕರ್ತ ಕೊಟ್ಟಿದ್ದು ಸಾಕು."